ಮಡಕೆ, ಗೋಡೆ, ಒಲೆ

ನಮ್ಮಕ್ಕನ ಮೂಗಿನ ವಿಷಯ ಎತ್ತಿದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಹೆಂಡತಿಯ ಮುಖ ನೋಡುತ್ತಾರೆ. ಅವಳು ಕಣ್ಣಲ್ಲೇ 'ಅರ್ಧ ಕಳೀರಿ' ಅನ್ನುತ್ತಾಳೆ. ಕಳೆಯಿರಿ, ನನಗೇನೂ ಬೇಜಾರಿಲ್ಲ. ಉಳಿದ ಅರ್ಧ ಮೂಗೇ ಒಂದು ಇಟ್ಟಿಗೆ ಗೂಡು ನಡೆಸುವಷ್ಟಿತ್ತು.

ಒಂದು ಸಲ ಚಿಕ್ಕಮ್ಮನ ಕಾಗದ ಬಂತು. ಅಕ್ಕ ಲಕೋಟೆಯನ್ನು ಇನ್ನೂ ಒಡೆದಿರಲಿಲ್ಲ, ಮೂಗಿನ ಹತ್ತಿರ ಹಿಡಿದು, "ಅಲ್ಲಿ ಮಳೆ ಆಗಿದೆ ಕಣೋ, ಆದ್ರೆ ಸಾಕಾಗಿಲ್ಲ" ಅಂದಳು. ಒಡೆದು ಓದಿದರೆ ಮೊದಲ ಸಾಲೇ 'ಇಲ್ಲಿ ಸ್ವಲ್ಪ ಮಳೆಯಾಗಿದೆ.' ಇದು ನಿಜ. ಆ ಕಾಗದ ಈಗಲೂ ಟ್ರಂಕಿನಲ್ಲಿದೆ, ಬೀಗದ ಕೈ ಮಾತ್ರ ಕಳೆದುಹೋಗಿದೆ.

ನಾನು ಆಗ ಇಪ್ಪತ್ತೆರಡರ ಗಂಡಾಳು. ಅಕ್ಕ, ಭಾವ, ನಾನು ಮೂವರೂ ಒಂದೇ ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಿದ್ದೆವು. ನಾನು ಅಚ್ಚಿಗೆ ಮಣ್ಣು ಬಡಿಯುವವನು. ಭಾವ ಗೂಡಿಗೆ ಬೆಂಕಿ ಕೊಡುವವನು. ಅಕ್ಕ ಬೆಳಿಗ್ಗೆ ಹಸಿ ಇಟ್ಟಿಗೆ ಮಗುಚುವವಳು, ಮಧ್ಯಾಹ್ನದ ಮೇಲೆ ವಾಸನೆ ನೋಡುವವಳು. ಹೌದು, ಅದಕ್ಕೊಂದು ಜಾಗವಿತ್ತು, ಸ್ಟೂಲೂ ಇತ್ತು. ಗೂಡಿನ ಏರಿನ ಮೇಲೆ, ಎಲ್ಲರಿಗಿಂತ ಎತ್ತರದಲ್ಲಿ. ಸ್ಟೂಲಿನ ಒಂದು ಕಾಲು ಮುರಿದಿತ್ತು, ಅದರ ಜಾಗದಲ್ಲಿ ಐದು ಇಟ್ಟಿಗೆ ಜೋಡಿಸಿದ್ದರು. ಎಲ್ಲರೂ ಅವಳನ್ನು ಮಳೆಯಕ್ಕ ಅಂತಲೇ ಕರೆಯುತ್ತಿದ್ದರು.

ಇಟ್ಟಿಗೆ ಗೂಡಿಗೆ ಮೂಗು ಯಾಕೆ ಬೇಕು ಅಂತ ಕೇಳಬಹುದು. ಹೇಳುತ್ತೇನೆ. ಅಚ್ಚಿನಿಂದ ಬಿದ್ದ ಇಟ್ಟಿಗೆ ಸುಡುವ ಮೊದಲು ಎಂಟು ಹತ್ತು ದಿನ ಬಯಲಲ್ಲಿ ಒಣಗಬೇಕು. ಅಷ್ಟರಲ್ಲಿ ನಾಲ್ಕು ದೊಡ್ಡ ಹನಿ ಬಿದ್ದರೆ ಅದು ಇಟ್ಟಿಗೆಯಲ್ಲ, ಎಮ್ಮೆ ಮಲಗುವ ಕೆಸರು. ನಮ್ಮ ಬಯಲಲ್ಲಿ ಒಂದೊಂದು ಸಲ ನಲವತ್ತು ಸಾವಿರ ಹಸಿ ಇಟ್ಟಿಗೆ ಸಾಲಾಗಿ ಕೂತಿರುತ್ತಿದ್ದವು. ಅಷ್ಟಕ್ಕೂ ಟಾರ್ಪಾಲು ಹೊದಿಸಿ ಅಂಚಿಗೆ ಕಲ್ಲಿಡಲು ಎಲ್ಲರೂ ಸೇರಿದರೂ ಅರ್ಧ ಗಂಟೆ ಹಿಡಿಯುತ್ತಿತ್ತು. ಮೋಡ ನೋಡಿ ಓಡಬಹುದಲ್ಲ ಎಂದರೆ, ಮಳೆ ಬರುವುದು ಪಡುವಣದಿಂದ, ಪಡುವಣದಲ್ಲಿ ಅಡ್ಡವಾಗಿ ಕೂತಿದ್ದು ಒಂದು ಬೋಳು ಗುಡ್ಡ. ಗುಡ್ಡದ ತಲೆಯ ಮೇಲೆ ಮೋಡ ಕಂಡ ಮೇಲೆ ಒಂದು ಬಾಳೆಹಣ್ಣು ಸುಲಿದು ತಿನ್ನುವಷ್ಟು ಹೊತ್ತು ಉಳಿಯುತ್ತಿತ್ತು. ಆದರೆ ಗುಡ್ಡಕ್ಕೆ ಗಾಳಿ ತಡೆಯಲು ಬರುತ್ತಿರಲಿಲ್ಲ. ಆಚೆ ಎಲ್ಲೋ ಮಣ್ಣಿನ ಮೇಲೆ ಹನಿ ಬಿದ್ದರೆ ಅದರ ವಾಸನೆ ಗುಡ್ಡ ಹತ್ತಿ ಇಳಿದು ಅಕ್ಕನ ಮೂಗಿಗೇ ಬರುತ್ತಿತ್ತು. ನಮ್ಮ ಮೂಗಿಗೆ ಬರುವಷ್ಟರಲ್ಲಿ ಜುಟ್ಟು ನೆಂದಿರುತ್ತಿತ್ತು.

ಬರೀ 'ಮಳೆ, ಮಳೆ' ಅಂತ ಕೂಗುವವಳಲ್ಲ ಅವಳು. "ಮಳೆ ಅಂದ್ರೆ ಏನು ಅರ್ಥ ಆಯ್ತು? ಎಲ್ಲಿದೆ, ಎಷ್ಟು ಹೊತ್ತಿಗೆ ಬರತ್ತೆ ಅಂತ ಗೊತ್ತಾಗ್ಬೇಡ್ವಾ?" ಎನ್ನುತ್ತಿದ್ದಳು. ಅದಕ್ಕೇ ಅವಳದ್ದೇ ಮಾತುಗಳಿದ್ದವು. ಹೊಸ ಮಡಕೆಗೆ ಮೊದಲ ಸಲ ನೀರು ತುಂಬಿದಾಗ ಒಂದು ತೆಳು ವಾಸನೆ ಏಳುತ್ತದಲ್ಲ, ಅದು ಗಾಳಿಯಲ್ಲಿ ಬಂದರೆ "ಮಡಕೇ!" ಅಂತ ಕೂಗುತ್ತಿದ್ದಳು. ಮಳೆ ದೂರದಲ್ಲಿದೆ, ಟಾರ್ಪಾಲು ಬಿಚ್ಚಿ ಸಾಲಿನ ಪಕ್ಕ ಇಟ್ಟುಕೊಳ್ಳಿ ಅಂತ. ಮಣ್ಣಿನ ಗೋಡೆಗೆ ನೀರು ಎರಚಿದ ಹಾಗೆ ವಾಸನೆ ದಪ್ಪವಾದರೆ "ಗೋಡೇ!" ಆಗ ಕೈಯಲ್ಲಿದ್ದುದನ್ನು ಬಿಟ್ಟು ಹೊದಿಸಲು ಓಡಬೇಕು. ಉರಿಯುವ ಒಲೆಗೆ ನೀರು ಚೆಲ್ಲಿದರೆ ಬಿಸಿ ಬೂದಿ ಮೂಗಿಗೆ ಹೊಡೆಯುತ್ತದೆ, ಆ ವಾಸನೆಗೆ "ಒಲೇ!" ಅದನ್ನು ಕೂಗುವಾಗ ಅವಳು ಸ್ಟೂಲಿನ ಮೇಲೆ ಇರುತ್ತಿರಲಿಲ್ಲ, ನಮ್ಮ ಮುಂದೆ ಓಡುತ್ತಿರುತ್ತಿದ್ದಳು. ಇನ್ನೂ ಮೂವತ್ತೇಳು ಮಾತುಗಳಿದ್ದವು. ಅವು ಕೆಲಸಕ್ಕಲ್ಲ, ಅವಳ ಖುಷಿಗೆ. ನೆಂದ ಗೋಣಿಚೀಲದ್ದು ಒಂದು, ಇರುವೆಗೂಡಿಗೆ ನೀರು ನುಗ್ಗಿದರೆ ಒಂದು. ಹೆಂಡತಿ ಹೇಳಿದಂತೆ ಬೇಕಾದರೆ ಇದರಲ್ಲೂ ಅರ್ಧ ಕಳೆಯಿರಿ.

ಈ ಮೂಗಿನ ಕಾರಣಕ್ಕೆ ನಮ್ಮ ಗೂಡಿನಲ್ಲಿ ಒಂದು ಕಟ್ಟಳೆ ಇತ್ತು. ಮಧ್ಯಾಹ್ನ ಊಟ ಆದ ಮೇಲೆ ಪಡುವಣದ ಕಡೆ ಯಾರೂ ಒಂದು ಬೊಗಸೆ ನೀರೂ ಚೆಲ್ಲುವಂತಿಲ್ಲ. ಕೈ ತೊಳೆಯುವುದು, ಬಾಯಿ ಮುಕ್ಕಳಿಸುವುದು, ಇನ್ನೊಂದು ಕೆಲಸ, ಎಲ್ಲ ಮೂಡಣಕ್ಕೆ. ಮಣ್ಣು ಕಲಸುವ ಗುಂಡಿಯೂ ಆ ಕಡೆಯೇ. ಒಣ ಮಣ್ಣಿಗೆ ನೀರು ಬಿದ್ದರೆ ಅಕ್ಕನ ಮೂಗಿಗೆ ಪರದೆ ಎಳೆದ ಹಾಗೆ, ಅದರ ಹಿಂದೆ ಏನು ಬರುತ್ತಿದೆ ಅಂತ ತಿಳಿಯುವುದಿಲ್ಲ. ಒಮ್ಮೆ ಒಬ್ಬ ಗಾಡಿಯವನು ಗೊತ್ತಿಲ್ಲದೆ ಅಲ್ಲಿ ಚಕ್ರ ತೊಳೆದ. ಅಕ್ಕ ಏರಿನಿಂದಲೇ ಅವನ ಮೂರು ತಲೆಮಾರು ತೊಳೆದಳು. ಭಾವನಿಗಂತೂ ಸ್ಟೂಲಿನ ಹತ್ತು ಮಾರು ಈಚೆಗೇ ತಡೆ, ಯಾಕೆಂದರೆ ಅವನು ನಸ್ಯದ ಮನುಷ್ಯ. ಅವನು ಒಂದು ಸೀನು ಸೀನಿದರೆ ಗೂಡಿನ ಬೆಂಕಿ ಎರಡು ದಿನ ಚೆನ್ನಾಗಿ ಉರಿಯುತ್ತಿತ್ತು.

"ಲೇ, ಗಂಡನಾದವನು ಹೆಂಡ್ತಿ ಹತ್ರ ಬರೋದಕ್ಕೂ ಗಾಳಿ ನೋಡ್ಬೇಕಾ?" ಎಂದು ಕೆಳಗಿನಿಂದ ಕೂಗುತ್ತಿದ್ದ.

"ನೋಡ್ಲೇಬೇಕು. ಮೂಡಣ ಗಾಳಿ ಬೀಸಿದ ದಿನ ಬೇಡ, ಪಡುವಣ ಗಾಳಿ ಬೀಸಿದ ದಿನ ಮೊದ್ಲೇ ಬೇಡ!"

ಇಷ್ಟು ಸುಖವಾಗಿದ್ದ ಗೂಡಿಗೆ ಆ ವರ್ಷ ಹೊಸ ಮೇಸ್ತ್ರಿ ಬಂದ. ಅನುಮಾನದ ಮನುಷ್ಯ. ಬೆಳಿಗ್ಗೆ ಬರುವಾಗ ತನ್ನ ನೆರಳು ತಡವಾಗಿ ಬಂತೇ ಎಂದು ತಿರುಗಿ ನೋಡುವಂಥವನು. ಊಟದ ಡಬ್ಬಿ ಖಾಲಿ ಕಂಡರೆ, ತಾನೇ ತಿಂದದ್ದು ನೆನಪಾಗುವ ತನಕ ನಾಲ್ಕು ಜನರ ಬಾಯಿ ವಾಸನೆ ನೋಡುತ್ತಿದ್ದ. ಎಲ್ಲರೂ ಬರಿಗಾಲಲ್ಲಿ ತಿರುಗುವ ಬಯಲಲ್ಲಿ ಅವನೊಬ್ಬ ಕಪ್ಪು ಬೂಟು ಹಾಕುತ್ತಿದ್ದ, ದಿನಕ್ಕೆ ಮೂರು ಸಲ ಒರೆಸುತ್ತಿದ್ದ.

ಸ್ಟೂಲಿನ ಮೇಲೆ ಸುಮ್ಮನೆ ಕೂತ ಹೆಂಗಸನ್ನು ಕಂಡ ಮೊದಲ ದಿನವೇ ಅವನ ಹುಬ್ಬು ಮೇಲೇರಿತು. "ಇವ್ರು ಏನು ಮಾಡ್ತಾರೆ?"

"ಉಸಿರಾಡ್ತಾಳೆ ಸಾರ್," ಅಂದ ಭಾವ.

ಅಂದಿನಿಂದ ಮೇಸ್ತ್ರಿ ಆಫೀಸಿನ ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಹಾಕತೊಡಗಿದ. ಅಕ್ಕ ಕೂಗಿದರೆ ಒಂದು ಗೀಟು. ಮಳೆ ಬಂದರೆ ಗೀಟಿಗೆ ಅಡ್ಡ ಗೀಟು. ಒಂದೂವರೆ ತಿಂಗಳಲ್ಲಿ ಹದಿನಾಲ್ಕು ಗೀಟಾದವು, ಅದರಲ್ಲಿ ಆರಕ್ಕೆ ಅಡ್ಡ ಗೀಟು ಬೀಳಲಿಲ್ಲ.

"ಆರು ಸಲ ಸುಳ್ಳು," ಅಂದ ಮೇಸ್ತ್ರಿ. "ಇವಳು ಕೂಗೋದು, ಇವ್ರೆಲ್ಲ ಅಚ್ಚು ಬಿಟ್ಟು ಟಾರ್ಪಾಲಿನ ನೆರಳಲ್ಲಿ ಕಾಲು ಚಾಚೋದು. ಒಳಗೊಳಗೇ ಮಾತಾಡ್ಕೊಂಡಿದಾರೆ."

"ಮಳೆ ಗುಡ್ಡದಾಚೆಗೇ ಸುರಿದು ಹೋದ್ರೆ ನಾನೇನು ಕಿವಿ ಹಿಡಿದು ಎಳ್ಕೊಂಡು ಬರ್ಲಾ?" ಅಂದಳು ಅಕ್ಕ.

ಮಾತು ನ್ಯಾಯವಾಗೇ ಇತ್ತು. ಆದರೆ ಒಂದು ಗುಟ್ಟು ಹೇಳಿಬಿಡುತ್ತೇನೆ. ಆ ಹೊತ್ತಿಗೆ ನನಗೂ ಅನುಮಾನ ಹತ್ತಿತ್ತು. ಅನುಮಾನ ತುರಿಕೆಯಿದ್ದ ಹಾಗೆ, ಎದುರಿನವನು ಕೆರೆದುಕೊಂಡರೆ ನಮಗೂ ಶುರುವಾಗುತ್ತದೆ.

ಅದು ಶುರುವಾದ ದಿನವೂ ನೆನಪಿದೆ. ಅಚ್ಚಿನ ಅಂಚು ತಾಗಿ ನನ್ನ ಬಲಗೈ ಅಂಗೈ ಸೀಳಿತ್ತು. ಬಟ್ಟೆ ಸುತ್ತಿಕೊಂಡು ಬಡಿಯುತ್ತಿದ್ದೆ. ಪ್ರತಿ ಬಡಿತಕ್ಕೂ ನೋವು ನೆತ್ತಿಗೆ ಹೋಗಿ ಬರುತ್ತಿತ್ತು. ಬಿಟ್ಟು ಏಳುವಂತಿಲ್ಲ, ಮೇಸ್ತ್ರಿ ಕಣ್ಣು ಬೆನ್ನ ಮೇಲೇ ಇತ್ತು. ಬೆಂಕಿಯಂಥ ಬಿಸಿಲು, ಎಲೆ ಅಲ್ಲಾಡುತ್ತಿರಲಿಲ್ಲ. ಆಗ ಏರಿನಿಂದ "ಗೋಡೇ!" ಅಂತ ಕೂಗು ಬಂತು. ಎಲ್ಲರೂ ಓಡಿ ಹೊದಿಸಿದರು. ನಾನು ಟಾರ್ಪಾಲಿನ ಅಂಚು ಹಿಡಿದ ಹಾಗೆ ಮಾಡಿ ನೆರಳಲ್ಲಿ ಒಂದು ಗಂಟೆ ಕೂತೆ. ಮಳೆ ಬರಲಿಲ್ಲ. ಕೈಗೆ ಆರಾಮಾಯಿತು, ತಲೆಗೆ ಹುಳ ಹೊಕ್ಕಿತು. ಗಾಳಿಯೇ ಇಲ್ಲದ ದಿನ ವಾಸನೆ ಯಾವ ಬಸ್ಸು ಹತ್ತಿ ಬಂತು? ಅಕ್ಕನಿಗೆ ನಿಜವಾಗಿ ವಾಸನೆ ಬರುತ್ತದೋ, ಇಲ್ಲ ಇಷ್ಟು ವರ್ಷ ನಮ್ಮನ್ನೆಲ್ಲ ಕುಣಿಸುತ್ತಿದ್ದಾಳೋ? ಅಂದಿನಿಂದ ನಾನೂ ಅಚ್ಚು ಬಡಿಯುತ್ತ ಅವಳ ಮೂಗನ್ನೇ ನೋಡತೊಡಗಿದೆ. ಅರಳಿತಾ, ಅರಳಲಿಲ್ಲವಾ. ಮನೆಯಲ್ಲಿ ಬೇಕೆಂದೇ ಒದ್ದೆ ಚೀಲವನ್ನು ಮಂಚದಡಿ ಇಟ್ಟು ಕಾದೆ. ಅವಳು ಒಳಗೆ ಬಂದವಳೇ, "ಯಾವ ಕತ್ತೆ ಇಟ್ಟಿದ್ದು ಇದನ್ನ?" ಅಂದಳು. ಅದೂ ಸಾಲದಾಯಿತು. ಕಣ್ಣಿಗೆ ಬಿದ್ದಿರಬಹುದಲ್ಲ!

ಮೇಸ್ತ್ರಿ ಯಜಮಾನರ ಕಿವಿ ಊದಿದ. ಯಜಮಾನರು ಕೆಟ್ಟವರಲ್ಲ, ಆದರೆ ಕಡೆಗೆ ಯಾರು ಮಾತಾಡಿದರೋ ಅವರ ಪಕ್ಷ. "ಸರಿ, ಒಂದು ಪರೀಕ್ಷೆ ಮಾಡಿ ತೋರ್ಸಿ. ಸುಳ್ಳಾದ್ರೆ ಸ್ಟೂಲು ತೆಗೆಸೋಣ, ಆಯಮ್ಮನೂ ಬೇರೆ ಕಡೆ ಕೆಲ್ಸ ನೋಡ್ಕೊಳ್ಳಲಿ" ಅಂದರಂತೆ, ನಮಗೆ ತಿಳಿದದ್ದು ಆಮೇಲೆ. ಅಕ್ಕ ಹೋದರೆ ಭಾವನೂ ಹೋಗುತ್ತಿದ್ದ, ಗೂಡಿನ ಹಿಂದಿದ್ದ ನಮ್ಮ ಎರಡು ಕೋಣೆಯೂ ಹೋಗುತ್ತಿತ್ತು.

ಆ ದಿನ ಬಯಲಲ್ಲಿ ನಲವತ್ತು ಸಾವಿರ ಪೂರ್ತಿ ಇತ್ತು. ಊಟ ಮುಗಿದು ಸ್ವಲ್ಪ ಹೊತ್ತಾಗಿತ್ತು. ಯಜಮಾನರು ಕೊಡೆ ಹಿಡಿದು ಏರಿನ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ಎರಡು ತಿಂಗಳಲ್ಲಿ ಒಮ್ಮೆಯೂ ಬಾರದವರು ಯಾಕೆ ಬಂದರು ಅಂತ ಯಾರಿಗೂ ತಿಳಿಯಲಿಲ್ಲ. ಆಮೇಲೆ ಮೇಸ್ತ್ರಿ ಪಡುವಣದ ಬೇಲಿ ಸಂದಿಯಿಂದ ಬಂದ. ನನ್ನ ಮುಂದೆಯೇ ಹಾದುಹೋದ. ನಾನು ನೆಲಕ್ಕೆ ಬಗ್ಗಿದ್ದೆ, ಕಂಡದ್ದು ಅವನ ಬೂಟು ಮಾತ್ರ. ಬೂಟಿನ ತುಂಬ ಹಸಿ ಕೆಸರು.

ನನ್ನ ಕೈ ಅಲ್ಲೇ ನಿಂತಿತು. ನಮ್ಮ ಗುಂಡಿಯ ಮಣ್ಣು ಬೂದಿ ಬಣ್ಣದ್ದು. ಈ ಕೆಸರು ಕೆಂಪು, ಬೇಲಿಯಾಚೆ ರಸ್ತೆಯದು. ಹನ್ನೆರಡು ದಿನದಿಂದ ಹನಿ ಬೀಳದ ರಸ್ತೆಯಲ್ಲಿ ಕೆಸರು ಎಲ್ಲಿಂದ ಬಂತು? ಅಲ್ಲೇ ಎಲ್ಲ ಹೊಳೆದುಬಿಟ್ಟಿತು. ಬೇರೆಯವರನ್ನು ನಂಬದೆ ಈ ಮಹಾರಾಯ ತಾನೇ ಬಿಂದಿಗೆ ಹೊತ್ತು ರಸ್ತೆಗೆ ನೀರು ಚೆಲ್ಲಿ ಬಂದಿದ್ದಾನೆ. ಅಕ್ಕ ಕೂಗಿದರೆ 'ನೋಡಿ, ಬಾವಿ ನೀರಿಗೆ ಮಳೆ ಅಂತಾಳೆ.' ಕೂಗದಿದ್ದರೆ 'ನೋಡಿ, ಇವಳಿಗೆ ವಾಸನೆಯೇ ಬರಲ್ಲ.' ಎರಡು ಬಾಯಿಯ ಬೋನು.

ನಾನು ಎದ್ದು ಕೂಗಬೇಕಿತ್ತು. ಕೂಗಲಿಲ್ಲ. ಯಜಮಾನರಿಗೆ ಹೆದರಿದೆ ಅಂತ ಎಷ್ಟೋ ಸಲ ಎಷ್ಟೋ ಜನಕ್ಕೆ ಹೇಳಿದ್ದೇನೆ. ಅದು ಸುಳ್ಳು. ಪರೀಕ್ಷೆಯ ಫಲಿತಾಂಶ ನನಗೂ ಬೇಕಿತ್ತು.

ಗಾಳಿ ಬೀಸಿತು. ಅಕ್ಕ ತಲೆ ಎತ್ತಿದಳು. ಮೂಗು ಅರಳಿತು. ಮೇಸ್ತ್ರಿಯ ತುಟಿ ಅಷ್ಟಗಲ ಆಯಿತು. ಅಕ್ಕ ಕೂಗಲಿಲ್ಲ. ಹುಬ್ಬು ಗಂಟಿಕ್ಕಿ, ಇನ್ನೊಮ್ಮೆ ಉಸಿರೆಳೆದು, ಸ್ಟೂಲಿನಿಂದ ಇಳಿದು ಬಂದಳು.

"ಪಡುವಣದಲ್ಲಿ ನೀರು ಚೆಲ್ಲಿದ್ಯಾರು?"

ಮೇಸ್ತ್ರಿ ಇದಕ್ಕೆ ತಯಾರಾಗಿರಲಿಲ್ಲ. ಅವನ ಬೋನಿಗೆ ಮೂರನೇ ಬಾಯಿ ಇರಲಿಲ್ಲ. "ನೀರಾ? ಯಾವ ನೀರು? ಯಾರೂ ಚೆಲ್ಲಿಲ್ಲ."

"ಬಾವಿ ನೀರು. ಬಿಂದಿಗೆಗಟ್ಲೆ. ರಸ್ತೆ ಧೂಳಿಗೆ ಹಾಕಿದಾರೆ."

"ಯಾರೂ ಹಾಕಿಲ್ಲಮ್ಮ. ಮಳೆ ವಾಸನೆ ಇದ್ರೆ ಮಳೆ ಅನ್ನು, ಇಲ್ಲಾಂದ್ರೆ ಇಲ್ಲ ಅನ್ನು. ಬಾವಿ ನೀರು, ಕೊಳದ ನೀರು ಅಂತೆಲ್ಲ ಕತೆ ಕಟ್ಬೇಡ."

ಅಕ್ಕ ಯಜಮಾನರ ಕಡೆ ತಿರುಗಿದಳು. "ಯಜಮಾನ್ರೇ, ಇದು ಆರೋವರ್ಗೂ ನನ್ಗೆ ಆಚೇದು ಗೊತ್ತಾಗಲ್ಲ. ಅರ್ಧ ದಿನ ಟಾರ್ಪಾಲು ಹೊದಿಸ್ಬಿಡಿ."

ಮೇಸ್ತ್ರಿ ಚಪ್ಪಾಳೆಯೇ ತಟ್ಟಿದ. "ಕೇಳಿದ್ರಾ? ವಾಸನೆ ಬಂದ್ರೂ ಹೊದಿಸಿ, ಬರದಿದ್ರೂ ಹೊದಿಸಿ! ಒಟ್ನಲ್ಲಿ ಎಲ್ರೂ ಕಾಲು ಚಾಚ್ಬೇಕು. ನಾನು ಹೇಳಿರ್ಲಿಲ್ವಾ?"

ಯಜಮಾನರು ಕೊಡೆ ಸರಿಸಿ ಗುಡ್ಡದ ಮೇಲಿನ ಆಕಾಶ ನೋಡಿದರು. ತೊಳೆದ ತಟ್ಟೆಯ ಹಾಗಿತ್ತು. "ಹೊದಿಸೋದು ಬೇಡ. ಎಲ್ರೂ ಕೆಲ್ಸ ಮಾಡಿ."

ಅಕ್ಕ ಮತ್ತೆ ಏರು ಹತ್ತಲಿಲ್ಲ. ಕೆಳಗೇ, ಇಟ್ಟಿಗೆ ಸಾಲಿನ ಪಕ್ಕ ನಿಂತಳು. ಹೋಗುವಾಗ ನನ್ನ ಕಡೆ ಒಮ್ಮೆ ನೋಡಿದಳು. ನಾನು ಅಚ್ಚಿಗೆ ಮಣ್ಣು ತುಂಬಿದೆ, ಬಡಿದೆ, ತೆಗೆದೆ. ಇನ್ನೊಂದು ತುಂಬಿದೆ. ಅಷ್ಟು ಚೆಂದದ ಇಟ್ಟಿಗೆ ನನ್ನ ಜನ್ಮದಲ್ಲೇ ಬಡಿದಿರಲಿಲ್ಲ.

ಮೂವತ್ತು ಇಟ್ಟಿಗೆ ಬಡಿದಿರಬಹುದು. ಗುಡ್ಡದ ನೆತ್ತಿ ಕಪ್ಪಾಯಿತು. "ಹೊದಿಸ್ರೋ!" ಅಂತ ಕೂಗಿದ್ದು ಯಾರೋ ಗೊತ್ತಿಲ್ಲ, ಅಕ್ಕನಂತೂ ಅಲ್ಲ, ಅವಳು ಆಗಲೇ ಟಾರ್ಪಾಲು ಎಳೆಯುತ್ತಿದ್ದಳು. ಭಾವ ನಸ್ಯದ ಡಬ್ಬಿ ಎಸೆದು ಓಡಿ ಬಂದ. ಯಜಮಾನರೂ ಕೊಡೆ ಬಿಸಾಡಿ ಒಂದು ಅಂಚು ಹಿಡಿದರು. ಏನು ಪ್ರಯೋಜನ? ನಾಲ್ಕು ಸಾಲು ಮುಚ್ಚುವಷ್ಟರಲ್ಲಿ ಹಿಡಿ ಹಿಡಿ ಕಲ್ಲು ಎಸೆದಂತೆ ಹನಿ ಬಿತ್ತು. ನಮ್ಮ ಕಣ್ಣ ಮುಂದೆಯೇ ಇಟ್ಟಿಗೆಗಳ ಮೂಲೆ ಕರಗಿತು, ಆಮೇಲೆ ಸೊಂಟ ಕುಸಿಯಿತು, ಆಮೇಲೆ ಸಾಲು ಯಾವುದು ನೆಲ ಯಾವುದು ತಿಳಿಯದಾಯಿತು. ಮಳೆ ಒಂದು ಕಾಲು ಗಂಟೆಗೆ ನಿಂತಿತು. ನಲವತ್ತು ಸಾವಿರದಲ್ಲಿ ಹನ್ನೊಂದು ಸಾವಿರ ಉಳಿದಿತ್ತು. ಬಯಲಿನಿಂದ ಎಂಥ ಘಮ ಎದ್ದಿತ್ತು ಅಂದರೆ, ನಸ್ಯದ ಭಾವನೇ "ಏನೋ ವಾಸನೆ ಬರ್ತಿದೆ ಅಲ್ವಾ?" ಅಂದ. ಯಾರೂ ನಗಲಿಲ್ಲ.

"ನೋಡಿದ್ರಾ ಸ್ವಾಮಿ?" ಮೇಸ್ತ್ರಿ ಮುಖದಿಂದ ನೀರು ಒರೆಸಿಕೊಂಡ. "ನಿಜವಾದ ಮಳೆ ಬಂದ ದಿನ ಇವಳ ಬಾಯಿಂದ ಒಂದು ಮಾತು ಬಂತಾ?"

ಆಗ ನಾನು ಬಾಯಿ ಬಿಟ್ಟೆ. "ನೀರು ಚೆಲ್ಲಿದ್ದು ಇವ್ರೇ ಯಜಮಾನ್ರೇ! ಬೂಟಲ್ಲಿ ರಸ್ತೆ ಕೆಸರಿದೆ, ನಾನೇ ನೋಡ್ದೆ. ಬೂಟು ನೋಡಿ, ಬೂಟು!"

ಎಲ್ಲರೂ ಬೂಟು ನೋಡಿದರು. ಮಳೆ ತೊಳೆದ ಬೂಟು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರಲ್ಲಿ ಯಜಮಾನರ ಮುಖ ಕಾಣುತ್ತಿತ್ತು, ನನ್ನದೂ.

"ಮೊದ್ಲೇ ನೋಡಿದ್ದಿದ್ರೆ ಮೊದ್ಲೇ ಯಾಕೆ ಹೇಳ್ಲಿಲ್ಲ?" ಅಂದರು ಯಜಮಾನರು. "ಅಕ್ಕನ ಪರ ತಮ್ಮ ಮಾತಾಡ್ತಾನೆ, ಬಿಡಿ," ಅಂದ ಮೇಸ್ತ್ರಿ. ಸಂಜೆಯೊಳಗೆ ಸ್ಟೂಲನ್ನು ಏರಿನಿಂದ ಇಳಿಸಿದರು. ಕೋಣೆ ಬಿಡಲು ಹದಿನೈದು ದಿನ ಕೊಟ್ಟರು.

ಆ ಹದಿನೈದು ದಿನವೇ ನಮ್ಮನ್ನು ಉಳಿಸಿದ್ದು. ಅಕ್ಕನ ಜಾಗಕ್ಕೆ ಮೇಸ್ತ್ರಿ ತಾನೇ ಹತ್ತಿದ. ಕೈಯಲ್ಲಿ ಒಂದು ಗಂಟೆ, ಕಣ್ಣು ಗುಡ್ಡದ ಮೇಲೆ. ಮನುಷ್ಯರನ್ನೇ ನಂಬದವನು ಮೋಡವನ್ನು ನಂಬುತ್ತಾನೆಯೇ? ಹತ್ತಿಯಷ್ಟು ಬಿಳಿ ಮೋಡ ಕಂಡರೂ ಢಣ ಢಣ. ಹದ್ದು ಹಾರಿದರೂ ಢಣ. ಗೂಡಿನ ಹೊಗೆ ತಿರುಗಿದರೆ ಎರಡು ಸಲ ಢಣ. ದಿನಕ್ಕೆ ಹನ್ನೊಂದು ಸಲ ಹೊದಿಸಿ ಹನ್ನೊಂದು ಸಲ ತೆಗೆದೆವು. ಟಾರ್ಪಾಲಿನಡಿ ಇಟ್ಟಿಗೆ ಒಣಗುವ ಬದಲು ಬೆವತವು. ಒಂದು ಸಾಲಿಗೆ ಪಾಚಿ ಬಂತು. ಪಾಚಿಯಲ್ಲಿ ಕಪ್ಪೆ ಮನೆ ಮಾಡಿತು ಅಂತ ನಾನು ಹೇಳಿದರೆ ಹೆಂಡತಿ ಕೆಮ್ಮುತ್ತಾಳೆ, ಆದ್ದರಿಂದ ಹೇಳುವುದಿಲ್ಲ. ಗೂಡಿಗೆ ತುಂಬಲು ಒಣ ಇಟ್ಟಿಗೆಯಿಲ್ಲದೆ ಬೆಂಕಿ ಆರಿತು. ಹನ್ನೆರಡನೇ ದಿನ ಯಜಮಾನರೇ ನಮ್ಮ ಕೋಣೆಯ ಬಾಗಿಲಿಗೆ ಬಂದರು.

"ಬಂದ್ಬಿಡಮ್ಮ. ಆಗಿದ್ದು ಆಗೋಯ್ತು."

"ಬರ್ತೀನಿ. ಆದ್ರೆ ಮಧ್ಯಾಹ್ನ ಆದ್ಮೇಲೆ ಮೇಸ್ತ್ರಿಗಳ ಬೂಟು ನನ್ನ ಸ್ಟೂಲಿನ ಕೆಳಗಿರ್ಬೇಕು. ಪಡುವಣಕ್ಕೆ ಹೋದ್ರೆ ಬರಿಗಾಲಲ್ಲಿ ಹೋಗ್ಲಿ, ಅಲ್ಲಿ ನೆಗ್ಗಿನಮುಳ್ಳು ಚೆನ್ನಾಗಿದೆ."

ಯಜಮಾನರು ಅವಳ ಮುಖವನ್ನೇ ನೋಡಿ, ಆಯಿತು ಅಂತ ತಲೆಯಾಡಿಸಿದರು. ಬೂಟಿನ ವಿಷಯ ಅವರಿಗೂ ಒಳಗೇ ಕೊರೆಯುತ್ತಿತ್ತೋ ಏನೋ.

ಅವರು ಹೋದ ಮೇಲೆ ಅಕ್ಕ ಒಲೆಯ ಮುಂದೆ ಕೂತಳು. ನಾನು ಹೊಸ್ತಿಲ ಮೇಲೆ ಕೂತೆ. ಹನ್ನೆರಡು ದಿನದಿಂದ ಅವಳ ಕಣ್ಣು ತಪ್ಪಿಸಿಕೊಂಡೇ ತಿರುಗುತ್ತಿದ್ದೆ.

"ಲೋ ತಮ್ಮ, ಆವತ್ತು ಮೇಸ್ತ್ರಿ ನಿನ್ನ ಮುಂದೆ ಹಾದುಹೋದಾಗ ನಿನ್ನ ಅಚ್ಚಿನ ಸದ್ದು ನಿಂತುಹೋಯ್ತು. ನಾನು ಮೇಲಿಂದ ಕೇಳಿಸ್ಕೊಂಡೆ."

ಹೊಸ್ತಿಲ ಮೇಲಿನ ಧೂಳನ್ನು ಬೆರಳಿಂದ ಕೆರೆದೆ.

"ಆಮೇಲೆ ಮತ್ತೆ ಬಡಿಯೋಕೆ ಶುರು ಮಾಡ್ದೆ. ಅದನ್ನೂ ಕೇಳಿಸ್ಕೊಂಡೆ."

"ಅಕ್ಕ, ತಪ್ಪಾಯ್ತು," ಅಂದೆ. ಆದರೂ ನಾಲಿಗೆ ತಡೆಯಲಿಲ್ಲ. "ಒಂದು ಮಾತು ಕೇಳ್ಲಾ? ಆ ಆರು ಗೀಟು. ಆರೂ ನಿಜವಾ?"

ಅವಳು ಒಲೆಗೆ ಒಂದು ಕಡ್ಡಿ ತುರುಕಿದಳು. "ಐದು ನಿಜ. ಒಂದು ಸುಳ್ಳು."

"ಯಾವ್ದು?"

"ಇಷ್ಟು ದಿನ ನನ್ನ ಮೂಗು ನೋಡ್ಕೊಂಡೇ ಕೂತಿದ್ದೆಯಲ್ಲ, ನೀನೇ ಹುಡುಕು."

ಅಷ್ಟರಲ್ಲಿ ಹೊರಗೆ ಸೀನು ಕೇಳಿಸಿತು, ಭಾವ ಬಂದ. ಮಾತು ಅಲ್ಲಿಗೇ ನಿಂತಿತು. ಅವಳು ಬದುಕಿದ್ದ ತನಕ ಮತ್ತೆ ಎತ್ತಲಿಲ್ಲ, ನಾನು ಕೇಳಲಿಲ್ಲ.

ಹುಡುಕಲು ಏನಿದೆ? ಗಾಳಿಯಿಲ್ಲದ ದಿನ ಆರರಲ್ಲಿ ಒಂದೇ ಇತ್ತು, ನಾನು ಕೈಗೆ ಬಟ್ಟೆ ಸುತ್ತಿಕೊಂಡು ಬಡಿದ ದಿನ. ನನ್ನ ಅಂಗೈಯ ಗೆರೆಗಳಲ್ಲಿ ಒಂದು ದೇವರು ಬರೆದದ್ದಲ್ಲ, ಅಚ್ಚು ಬರೆದದ್ದು. ಈಗಲೂ ಮಳೆಗೆ ಮೊದಲು ಅದು ತುರಿಸುತ್ತದೆ. ಅಕ್ಕನ ಮೂಗಿಗಿಂತ ಹತ್ತು ನಿಮಿಷ ಮೊದಲೇ ಎಂದು ಹೇಳುತ್ತಿದ್ದೆ. ಅದನ್ನು ಮಾತ್ರ ಪೂರ್ತಿ ಕಳೆದುಬಿಡಿ.